ಬೆಳಕನ್ನು ಪಕ್ಕದಿಂದ ನೋಡಿದ ರಾಮನ್

ಫೆಬ್ರವರಿ 28 ವಿಜ್ಞಾನ ದಿನ. ಅದಕ್ಕೆ ನಮ್ಮ ಭಿತ್ತಿಪತ್ರಿಕೆಗೆ ಸರ್ ಸಿ. ವಿ. ರಾಮನ್ ಅವರ ಜೀವನ ಬರೆಯಲು ವಿಜ್ಞಾನ ಮೇಷ್ಟ್ರು ನನಗೆ ಹೇಳಿದರು. ನಾನು ಒಪ್ಪಿಕೊಂಡಿದ್ದಕ್ಕೆ ಇನ್ನೊಂದು ಕಾರಣ ಇದೆ, ಆಮೇಲೆ ಹೇಳ್ತೀನಿ.

ರಾಮನ್‌ರವರು 1888ನೇ ಇಸವಿ ನವೆಂಬರ್ 7ರಂದು ಈಗಿನ ತಮಿಳುನಾಡಿನ ತಿರುಚಿರಾಪಳ್ಳಿ ಹತ್ತಿರ ಜನಿಸಿದರು. ತಂದೆ ಚಂದ್ರಶೇಖರ ಅಯ್ಯರ್ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರ ಕಲಿಸುತ್ತಿದ್ದರು. ರಾಮನ್ 1907ರಲ್ಲಿ ಎಂ.ಎ. ಮುಗಿಸಿದಾಗ ಅವರಿಗೆ ಬರೀ 18 ವರ್ಷ! ಅದೇ ವರ್ಷ ಲೋಕಸುಂದರಿಯವರ ಜೊತೆ ಮದುವೆ ಆಯಿತು, ಕಲ್ಕತ್ತಾದಲ್ಲಿ ಸರ್ಕಾರದ ಹಣಕಾಸು ಇಲಾಖೆಯ ದೊಡ್ಡ ಕೆಲಸವೂ ಸಿಕ್ಕಿತು. ಆದರೆ ಅವರ ಮನಸ್ಸೆಲ್ಲಾ ವಿಜ್ಞಾನದಲ್ಲೇ. ಬೆಳಿಗ್ಗೆ ಆಫೀಸಿಗೆ ಮುಂಚೆ, ಸಂಜೆ ಆಫೀಸು ಬಿಟ್ಟ ಮೇಲೆ, ಬೌಬಜಾರ್ ಬೀದಿಯ ವಿಜ್ಞಾನ ಸಂಘದಲ್ಲಿ ಪ್ರಯೋಗ ಮಾಡುತ್ತಿದ್ದರು. ವರ್ಷಗಟ್ಟಲೆ ಹೀಗೇ! 1917ರಲ್ಲಿ ಕಡಿಮೆ ಸಂಬಳವಾದರೂ ಪರವಾಗಿಲ್ಲ ಎಂದು ಆ ಕೆಲಸ ಬಿಟ್ಟು ಪ್ರೊಫೆಸರ್ ಆದರು.

1921ರಲ್ಲಿ ಇಂಗ್ಲೆಂಡಿಗೆ ಹೋದರು. ಹಡಗಿನಲ್ಲಿ ವಾಪಸ್ ಬರುವಾಗ ಸಮುದ್ರ ಯಾಕೆ ಇಷ್ಟು ನೀಲಿ ಅಂತ ಯೋಚನೆ ಹತ್ತಿತು. ಆಕಾಶದ ನೀಲಿಯೇ ನೀರಿನಲ್ಲಿ ಕಾಣೋದು ಅಂತ ದೊಡ್ಡ ವಿಜ್ಞಾನಿಗಳು ಹೇಳಿದ್ದರು. ರಾಮನ್ ಹತ್ತಿರ ಒಂದು ಸಣ್ಣ ಪಟ್ಟಕ ಇತ್ತು. ಅದರಿಂದ ನೀರಿನ ಮೇಲಿನ ಹೊಳಪನ್ನು ತೆಗೆದು ನೋಡಿದರೂ ಸಮುದ್ರ ನೀಲಿಯಾಗೇ ಇತ್ತು. ಅಂದರೆ ನೀರೇ ಬೆಳಕನ್ನು ಚದುರಿಸುತ್ತದೆ.

ಆಮೇಲೆ ಶಿಷ್ಯ ಕೆ. ಎಸ್. ಕೃಷ್ಣನ್ ಜೊತೆ ಕತ್ತಲೆ ಕೋಣೆಯಲ್ಲಿ ಪ್ರಯೋಗ ನಡೆಯಿತು. ಬಿಸಿಲನ್ನು ಮಸೂರದಿಂದ ಕೂಡಿಸಿ, ನೇರಳೆ ಗಾಜಿನ ಮೂಲಕ ದ್ರವದೊಳಗೆ ಬಿಡುತ್ತಿದ್ದರು. ನೋಡುವ ಕಡೆ ಹಸಿರು ಗಾಜು. ನೇರಳೆ ಬೆಳಕು ಹಸಿರು ಗಾಜಿನಲ್ಲಿ ದಾಟಲ್ಲ, ಆದ್ದರಿಂದ ಏನೂ ಕಾಣಬಾರದು. ಆದರೂ ಮಂಕಾಗಿ ಬೆಳಕು ಕಾಣಿಸಿತು! ದ್ರವದೊಳಗೆ ಬೆಳಕಿನ ಬಣ್ಣವೇ ಬದಲಾಗಿತ್ತು. 1928ರ ಫೆಬ್ರವರಿ 28ರಂದು ಇದು ಖಚಿತವಾಯಿತು. 1930ರಲ್ಲಿ ನೊಬೆಲ್ ಬಹುಮಾನ ಬಂತು.

ಇಲ್ಲಿ ನನಗೆ ತುಂಬಾ ಇಷ್ಟ ಆಗಿದ್ದು ಏನೆಂದರೆ, ಅವರು ಕಣ್ಣಿನಿಂದಲೇ ನೋಡಿದರು, ಆದರೆ ಬೆಳಕು ಬರುವ ದಾರಿಗೆ ಮುಖ ಕೊಡಲಿಲ್ಲ. ಪಕ್ಕದಿಂದ ನೋಡಿದರು.

ಈಗ ನನ್ನ ಕಾರಣ. ಹೋದ ಜಾತ್ರೆಯಲ್ಲಿ ನಾನು ಲೇಸರ್ ಲೈಟು ಕೊಂಡೆ. ತಮಾಷೆಗೆ ತಂಗಿಯ ಮುಖಕ್ಕೆ ಬಿಟ್ಟೆ. ಅವಳಿಗೆ ಸ್ವಲ್ಪ ಹೊತ್ತು ಎಲ್ಲಿ ನೋಡಿದರೂ ಕಪ್ಪು ಚುಕ್ಕೆ. ಅವ್ವ ಹೆದರಿ ಅವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಪುಣ್ಯಕ್ಕೆ ಏನೂ ಆಗಿರಲಿಲ್ಲ. ನಮ್ಮ ಕಣ್ಣಿನ ಮಸೂರ ಲೇಸರನ್ನು ಒಂದೇ ಚುಕ್ಕೆಗೆ ಕೂಡಿಸುತ್ತದಂತೆ, ಹಿಂದಿನ ಪರದೆ ಸುಟ್ಟರೂ ನೋವೇ ಗೊತ್ತಾಗಲ್ಲವಂತೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಪ್ಪ ಬೈಯಲಿಲ್ಲ. ಆ ಲೈಟಿನ ಮೇಲೆ ಎಷ್ಟು ಶಕ್ತಿ ಅಂತ ಚೀಟಿಯೇ ಇರಲಿಲ್ಲ, ಸೆಲ್ ತೆಗೆದು ಇಟ್ಟುಬಿಟ್ಟರು. ಮೇಷ್ಟ್ರ ಹತ್ತಿರ ಕ್ಲಾಸ್ 2, 1 ಮಿಲಿವ್ಯಾಟ್‌ಗಿಂತ ಕಡಿಮೆ ಅಂತ ಬರೆದ ಕೆಂಪು ಲೇಸರ್ ಕೇಳಿ ತಂದರು. ಸ್ಟೀಲು ಪಾತ್ರೆ, ಕನ್ನಡಿ ಎಲ್ಲಾ ದೂರ ಇಟ್ಟೆವು, ಯಾಕೆಂದರೆ ಅವುಗಳಿಂದ ಬೆಳಕು ತಿರುಗಿ ಕಣ್ಣಿಗೆ ಬರಬಹುದು. ನಮ್ಮ ಕಣ್ಣಿಗಿಂತ ಕೆಳಗೆ, ಇಟ್ಟಿಗೆ ಮೇಲೆ ಲೇಸರ್ ಅಲುಗಾಡದಂತೆ ಇಟ್ಟು, ಎದುರಿಗೆ ರಟ್ಟು ನಿಲ್ಲಿಸಿ, ಮಧ್ಯೆ ಗಾಜಿನ ಲೋಟದ ನೀರಿಗೆ ಒಂದು ತೊಟ್ಟು ಹಾಲು ಹಾಕಿದೆವು. ಅಪ್ಪ ಬಟನ್ ಒತ್ತಿದರು. ನೀರೊಳಗೆ ಕೆಂಪು ದಾರ ಎಳೆದ ಹಾಗೆ! ಹಾಲು ಬೆಳಕನ್ನು ಚದುರಿಸಿದ್ದರಿಂದ ಪಕ್ಕದಿಂದಲೇ ಚೆನ್ನಾಗಿ ಕಂಡಿತು. ಇದು ರಾಮನ್ ಪರಿಣಾಮ ಅಲ್ಲ, ಅದು ಬಹಳ ಮಂಕು, ನಮ್ಮ ಲೋಟದಲ್ಲಿ ಕಾಣಲ್ಲ ಅಂತ ಮೇಷ್ಟ್ರು ಹೇಳಿದರು.

ರಾಮನ್ 1933ರಲ್ಲಿ ನಮ್ಮ ಬೆಂಗಳೂರಿಗೆ ಬಂದರು, 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿದರು. 1954ರಲ್ಲಿ ಭಾರತರತ್ನ ಬಂತು. 1960ರಲ್ಲಿ ಅಮೆರಿಕದಲ್ಲಿ ಮೊದಲ ಲೇಸರ್ ಹೊತ್ತಿತು. ಈಗ ರಾಮನ್ ಪ್ರಯೋಗಕ್ಕೆ ಬಿಸಿಲಿನ ಬದಲು ಅದನ್ನೇ ಬಳಸುತ್ತಾರೆ. ಅವರು 1970ರ ನವೆಂಬರ್ 21ರಂದು ತೀರಿಕೊಂಡರು.

ತಂಗಿ ಮೊದಲು ಹತ್ತಿರ ಬರಲೇ ಇಲ್ಲ, ಅವ್ವನ ಸೆರಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕೊನೆಗೆ ನನ್ನ ಪಕ್ಕ ಬಂದು ಕೂತು ನೋಡಿದಳು. ಮುಂದಿನ ಭಾನುವಾರ ಹಾಲಿನ ಬದಲು ಸೋಪಿನ ನೀರು ಹಾಕಬೇಕಂತೆ.