ಕಾವೇರಿಯ ಪತನವನ್ನು ಶಕ್ತಿಯಾಗಿ ಕಂಡ ದಿವಾನ ಶೇಷಾದ್ರಿ ಅಯ್ಯರ್

ಮೈಸೂರು ಸಂಸ್ಥಾನದ ದಿವಾನಪದವಿಯಲ್ಲಿ 1883ರಿಂದ ಸುಮಾರು ಹದಿನೆಂಟು ಸಂವತ್ಸರಗಳ ಪರ್ಯಂತ ರಾಜ್ಯಭಾರದ ಹೊರೆಯನ್ನು ಹೊತ್ತ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು 1845ರಲ್ಲಿ ಪಾಲಘಾಟಿನ ಸೀಮೆಯಲ್ಲಿ ಜನಿಸಿದರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1868ರಲ್ಲಿ ಮೈಸೂರಿನ ಸೇವೆಗೆ ಸೇರಿ, ರಂಗಾಚಾರ್ಲು ಅವರ ನಿಧನಾನಂತರ ದಿವಾನರಾದರು. ಅವರು ಅಭ್ಯಸಿಸಿದ್ದು ನ್ಯಾಯಶಾಸ್ತ್ರವನ್ನೇ ಹೊರತು ಯಂತ್ರಶಾಸ್ತ್ರವನ್ನಲ್ಲ. ಹೆಸರಘಟ್ಟದಿಂದ ಬೆಂಗಳೂರಿಗೆ ನೀರು ತಂದದ್ದು, ಮಾರಿಕಣಿವೆಯ ಕಟ್ಟೆಯನ್ನು ಆರಂಭಿಸಿದ್ದು ಸರ್ವವಿದಿತ. ಆದರೆ ಅವರ ಧೈರ್ಯದ ನಿಜವಾದ ಒರೆಗಲ್ಲು ಶಿವನಸಮುದ್ರ.

ಕೋಲಾರದ ಚಿನ್ನದ ಗಣಿಗಳು ಆಗ ಉಗಿಯಂತ್ರಗಳಿಂದ ನಡೆಯುತ್ತಿದ್ದವು. ಅವುಗಳ ಒಲೆಗೆ ಸುರಿಯುತ್ತಿದ್ದ ಇಂಧನದ ವೆಚ್ಚ ಅಪಾರ. ಇತ್ತ ಗಗನಚುಕ್ಕಿ, ಭರಚುಕ್ಕಿಗಳಲ್ಲಿ ಕಾವೇರಿ ಅನಾದಿಕಾಲದಿಂದಲೂ ಸುಮ್ಮನೆ ಧುಮುಕುತ್ತಿದ್ದಳು. ಈ ಪತನದ ಬೆಲೆಯೆಷ್ಟೆಂಬುದನ್ನು ಪ್ರೌಢಶಾಲೆಯ ವಿದ್ಯಾರ್ಥಿಯೂ ಗಣಿಸಬಹುದು. ಸುಮಾರು 120 ಮೀಟರ್ ಎತ್ತರದಲ್ಲಿರುವ ಒಂದು ಕಿಲೋಗ್ರಾಂ ನೀರಿನ ಪ್ರಚ್ಛನ್ನಶಕ್ತಿ 9.8ನ್ನು 120ರಿಂದ ಗುಣಿಸಿದಷ್ಟು, ಅಂದರೆ 1,176 ಜೂಲ್. ಕೊಳವೆ ನೇರವಾಗಿರಲಿ, ಓರೆಯಾಗಿರಲಿ, ಬಳಸಿ ಬರಲಿ, ಘರ್ಷಣೆಯನ್ನು ಬಿಟ್ಟರೆ ಲೆಕ್ಕ ಬದಲಾಗದು; ಪ್ರತಿ ಬಾಗಿನಲ್ಲೂ ಬಲವೆಷ್ಟು, ದಿಕ್ಕು ಯಾವುದು ಎಂದು ಹುಡುಕುವ ಕ್ಲೇಶವೇ ಇಲ್ಲ. ಮೇಲಿನ ಎತ್ತರ, ಕೆಳಗಿನ ವೇಗ, ಇವೆರಡೇ ಸಾಕು. ಆ ಶಕ್ತಿಯೆಲ್ಲ ಚಲನಶಕ್ತಿಯಾದರೆ ನೀರಿನ ವೇಗ ಸೆಕೆಂಡಿಗೆ ಸುಮಾರು 48.5 ಮೀಟರ್. ಬಿಂದುವಾದರೂ ಪ್ರವಾಹವಾದರೂ ವೇಗ ಅದೇ, ಏಕೆಂದರೆ ಸಮೀಕರಣದ ಎರಡೂ ಕಡೆಯಿಂದ ದ್ರವ್ಯರಾಶಿ ಬಿಟ್ಟುಹೋಗುತ್ತದೆ. ಮೊದಲು ಸ್ಥಾಪಿಸಿದ್ದು ತಲಾ 720 ಕಿಲೋವ್ಯಾಟಿನ ಆರು ಜನರೇಟರುಗಳನ್ನು. ಒಟ್ಟು 4,320 ಕಿಲೋವ್ಯಾಟಿಗೆ ಸೆಕೆಂಡಿಗೆ ಕನಿಷ್ಠ 3,700 ಕಿಲೋಗ್ರಾಂ ನೀರು ಬೇಕು. ಘರ್ಷಣೆಯಲ್ಲಿ ಶಾಖವಾಗಿ ಕಳೆದುಹೋಗುವುದನ್ನು ತುಂಬಲು ಇನ್ನಷ್ಟು. ತುಂಗಭದ್ರೆಯ ಎಡದಂಡೆ ಕಾಲುವೆಯ ಇಳಿತದ ಬಳಿ ನಿಂತ ಮಾನ್ವಿಯ ಬಾಲಕನೂ ಇದೇ ರೀತಿಯಲ್ಲಿ ಲೆಕ್ಕ ಹಾಕಬಲ್ಲ.

ಕಾಗದದ ಮೇಲೆ ಸುಲಭವಾದದ್ದು ನೆಲದ ಮೇಲೆ ಸುಲಭವಾಗಿರಲಿಲ್ಲ. ಶಕ್ತಿ ಹುಟ್ಟುವುದು ಕಾವೇರಿಯ ಕಮರಿಯಲ್ಲಿ, ಬೇಕಾದದ್ದು ಸುಮಾರು 147 ಕಿಲೋಮೀಟರ್ ದೂರದ ಗಣಿಯಲ್ಲಿ. ಅಷ್ಟು ದೂರ ತಂತಿಯಲ್ಲಿ ವಿದ್ಯುತ್ತನ್ನು ಒಯ್ಯುವುದು ಅಂದಿನ ಭಾರತಕ್ಕೆ ಹೊಸದು. ಎಂಜಿನಿಯರ್ ಡಿ ಲಾಟ್ಬಿನಿಯರ್ ಅವರ ಯೋಜನೆಯನ್ನು ನಂಬಿ ದಿವಾನರು ಸಂಸ್ಥಾನದ ಹಣವನ್ನೇ ತೊಡಗಿಸಿದರು. ಅದೂ ಪ್ಲೇಗಿನ ಹಾವಳಿ ಇನ್ನೂ ಮಾಸದಿದ್ದ ದಿನಗಳಲ್ಲಿ! ಯೋಜನೆ ಕೈಕೊಟ್ಟಿದ್ದರೆ ಬೊಕ್ಕಸಕ್ಕೂ ಅವರ ಕೀರ್ತಿಗೂ ಒಂದೇ ಪೆಟ್ಟಾಗುತ್ತಿತ್ತು. ಈ ಒಂದು ನಿರ್ಧಾರವು ಅವರ ಉಳಿದೆಲ್ಲ ಕಾರ್ಯಗಳಿಗಿಂತ ಮಿಗಿಲಾದುದೆಂದರೆ ಅತಿಶಯೋಕ್ತಿಯಲ್ಲ.

ದೇಹಾಲಸ್ಯದಿಂದ ಅಧಿಕಾರವನ್ನು ಬಿಟ್ಟ ಶೇಷಾದ್ರಿ ಅಯ್ಯರ್ ಅವರು 1901ರ ಸೆಪ್ಟೆಂಬರಿನಲ್ಲಿ ದಿವಂಗತರಾದರು. ಕಾವೇರಿಯ ಶಕ್ತಿ ಕೋಲಾರದ ಗಣಿಯನ್ನು ಮುಟ್ಟಿದ್ದು 1902ರ ಜೂನ್ ತಿಂಗಳ ಕೊನೆಗೆ. ಬೆಂಗಳೂರಿನ ಬೀದಿಗಳಲ್ಲಿ ದೀಪಗಳು ಬೆಳಗಿದ್ದು 1905ರಲ್ಲಿ.