ಕಡಲು ದಾಟಿದ ಬ್ಲೇರಿಯೊ

ಊರಿಗೆ ಹೊರಟಾಗ ವಿಮಾನ ಅರ್ಧ ಗಂಟೆ ತಡವಾದರೆ ನಮಗೆ ಸಹನೆ ತಪ್ಪುತ್ತದೆ. ಅಷ್ಟೇ ಹೊತ್ತಿನ ಒಂದು ಹಾರಾಟಕ್ಕೆ ಹಣವನ್ನೂ ಜೀವವನ್ನೂ ಪಣವಿಟ್ಟ ಲೂಯಿ ಬ್ಲೇರಿಯೊನನ್ನು ಆಗ ನಾವು ನೆನೆಯಬೇಕು.

ಬ್ಲೇರಿಯೊ 1872ರ ಜುಲೈ 1ರಂದು ಫ್ರಾನ್ಸಿನ ಕಾಂಬ್ರೆಯಲ್ಲಿ ಹುಟ್ಟಿದನು. ಪ್ಯಾರಿಸಿನಲ್ಲಿ ಎಂಜಿನಿಯರಿಂಗ್ ಕಲಿತು, ಮೋಟಾರು ಗಾಡಿಗಳಿಗೆ ಅಸಿಟಿಲೀನ್ ದೀಪಗಳನ್ನು ಮಾಡಿ ಮಾರಿ ಚೆನ್ನಾಗಿ ಸಂಪಾದಿಸಿದನು. ಹೆಂಡತಿ ಆಲಿಸ್, ಮಕ್ಕಳು, ನಡೆಯುವ ವ್ಯಾಪಾರ, ಸುಖವಾಗಿರಬಹುದಿತ್ತು. ಆದರೆ ಹಾರುವ ಹುಚ್ಚು ಹಿಡಿಯಿತು. ಒಂದಾದ ಮೇಲೊಂದು ವಿಮಾನ ಕಟ್ಟಿದನು. ಒಂದಾದ ಮೇಲೊಂದು ಮುರಿದುಬಿದ್ದವು. ದೀಪ ತಂದ ಹಣವೆಲ್ಲ ಮರ ಬಟ್ಟೆಗಳ ರೆಕ್ಕೆಗಳಲ್ಲಿ ಕರಗಿತು. 1909ರ ಹೊತ್ತಿಗೆ ಸಂಸಾರ ದಿವಾಳಿಯ ಅಂಚಿಗೆ ಬಂದಿತ್ತು.

ಫ್ರಾನ್ಸಿಗೂ ಇಂಗ್ಲೆಂಡಿಗೂ ನಡುವಿನ ಇಂಗ್ಲಿಷ್ ಕಡಲ್ಗಾಲುವೆಯನ್ನು 1785ರಲ್ಲೇ ಬಲೂನಿನಲ್ಲಿ ದಾಟಿದ್ದರು. ವಿಮಾನದಲ್ಲಿ ದಾಟಿದವರಿಗೆ ಲಂಡನ್ನಿನ ಡೇಲಿ ಮೇಲ್ ಪತ್ರಿಕೆ 1000 ಪೌಂಡು ಬಹುಮಾನ ಸಾರಿತು. 1909ರ ಜುಲೈ 19ರಂದು ಹ್ಯೂಬರ್ಟ್ ಲೇಥಮ್ ಹೊರಟನು. ದಾರಿಯಲ್ಲೇ ಎಂಜಿನ್ ನಿಂತು ಕಡಲಿಗಿಳಿದನು. ಅವನು ಮತ್ತೊಂದು ವಿಮಾನದೊಡನೆ ಕಾದಿದ್ದಾಗ ಬ್ಲೇರಿಯೊ ಕ್ಯಾಲೆಗೆ ಬಂದನು. ಹಿಂದಿನ ಹಾರಾಟದಲ್ಲಿ ಕಾಲು ಸುಟ್ಟು ಊರುಗೋಲು ಹಿಡಿದಿದ್ದನು.

ಜುಲೈ 25, ಭಾನುವಾರ. ನಸುಕಿನಲ್ಲಿ ಗಾಳಿ ಅಡಗಿತು. ಲೇಥಮನ ಬಿಡಾರ ಇನ್ನೂ ನಿದ್ದೆಯಲ್ಲಿತ್ತು. ಸೂರ್ಯೋದಯದ ಮೊದಲು ಹಾರಿದರೆ ಬಹುಮಾನವಿಲ್ಲವೆಂಬ ನಿಯಮಕ್ಕೆ ಕಾದು, 4 ಗಂಟೆ 41 ನಿಮಿಷಕ್ಕೆ ಬ್ಲೇರಿಯೊ ನೆಲ ಬಿಟ್ಟನು. 25 ಅಶ್ವಶಕ್ತಿಯ ಆಂಝಾನಿ ಎಂಜಿನ್, ದಿಕ್ಸೂಚಿಯೂ ಇರಲಿಲ್ಲ. ಬೆಂಗಾವಲಿನ ಯುದ್ಧನೌಕೆಯಲ್ಲಿ ಆಲಿಸ್ ಇದ್ದಳು. ನೌಕೆ ಹಿಂದೆ ಬಿತ್ತು. ಹತ್ತು ನಿಮಿಷದಷ್ಟು ಕಾಲ ಹಿಂದಿನ ದಡವೂ ಇಲ್ಲ, ಮುಂದಿನ ದಡವೂ ಇಲ್ಲ. ಎಂಜಿನ್ ಮಾತ್ರ ನಿಲ್ಲಲಿಲ್ಲ. ಕೊನೆಗೆ ಇಂಗ್ಲೆಂಡಿನ ಬಿಳಿ ಬಂಡೆಗಳು ಕಂಡವು; ಗಾಳಿ ಅವನನ್ನು ಪೂರ್ವಕ್ಕೆ ಸರಿಸಿತ್ತು. ತಿರುಗಿ ಕರೆಯುದ್ದಕ್ಕೂ ಸಾಗಿ, ಡೋವರ್ ಕೋಟೆಯ ಬಳಿ ಪತ್ರಕರ್ತನೊಬ್ಬ ಬೀಸುತ್ತಿದ್ದ ಫ್ರೆಂಚ್ ಬಾವುಟ ನೋಡಿ ಇಳಿದನು. ಚಕ್ರದ ಚೌಕಟ್ಟು ಮುರಿಯಿತು, ಪಂಖ ಮುರಿಯಿತು, ಮನುಷ್ಯ ಉಳಿದನು. ಹಿಡಿದ ಹೊತ್ತು ಸುಮಾರು 37 ನಿಮಿಷ.

ಅದೇ ಬಗೆಯ ವಿಮಾನ ಬೇಕೆಂದು ನೂರಕ್ಕೂ ಹೆಚ್ಚು ಬೇಡಿಕೆ ಬಂದವು. ಮುಳುಗುತ್ತಿದ್ದ ಮನೆ ಎದ್ದು ನಿಂತಿತು. 1927ರಲ್ಲಿ ಅಟ್ಲಾಂಟಿಕ್ ದಾಟಿ ಬಂದ ಲಿಂಡ್‌ಬರ್ಗನನ್ನು ಪ್ಯಾರಿಸಿನಲ್ಲಿ ಕಂಡು ಹರಸುವ ಭಾಗ್ಯವೂ ಅವನದಾಯಿತು. 1936ರ ಆಗಸ್ಟಿನಲ್ಲಿ ಬ್ಲೇರಿಯೊ ತೀರಿಕೊಂಡನು.

ದಡ ಕಾಣದ ಆ ಹತ್ತು ನಿಮಿಷಗಳನ್ನು ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಮ್ಮ ಹಿರಿಯರೂ ತಮ್ಮ ರೀತಿಯಲ್ಲಿ ಕಂಡವರೇ. ಅದಕ್ಕೇ ಈ ಪರದೇಶದವನ ಕಥೆ ನಮಗೆ ನಮ್ಮ ಮನೆಯದೇ ಎನಿಸುತ್ತದೆ.