ಶಾಖಕ್ಕೂ ಲೆಕ್ಕ ಇಟ್ಟವನು

ಕಾಮರ್ಸ್ ಓದುವವನಿಗೆ ಕೆಮಿಸ್ಟ್ರಿ ಯಾಕಪ್ಪಾ ಅಂತ ನಮ್ಮ ಸಂಘದ ವಿಜ್ಞಾನದ ಗೆಳೆಯರು ನಗಬಹುದು. ನಗಲಿ. ಫ್ರಾನ್ಸಿನ ಲವಾಸಿಯೆ ನನ್ನ ದೃಷ್ಟಿಯಲ್ಲಿ ಅರ್ಧ ನಮ್ಮವನೇ.

1743ರಲ್ಲಿ ಪ್ಯಾರಿಸ್ಸಿನ ವಕೀಲರ ಮನೆಯಲ್ಲಿ ಹುಟ್ಟಿದ. ತಾನೂ ಕಾನೂನು ಓದಿದ. 1768ರಲ್ಲಿ ವಿಜ್ಞಾನ ಅಕಾಡೆಮಿ ಸೇರಿದ. ಅದೇ ವರ್ಷ, ರಾಜನ ಪರವಾಗಿ ತೆರಿಗೆ ಎತ್ತುವ ಗುತ್ತಿಗೆದಾರರ ಕೂಟದಲ್ಲಿ ಪಾಲು ಕೊಂಡ. ಉಪ್ಪಿಗೂ ಸುಂಕ, ಹೊಗೆಸೊಪ್ಪಿಗೂ ಸುಂಕ. ಜನ ಶಪಿಸುತ್ತಿದ್ದ ಆ ಹಣದಿಂದಲೇ ಈತ ನಿಖರವಾದ ತಕ್ಕಡಿಗಳನ್ನು ಮಾಡಿಸಿದ. ಹೆಂಡತಿ ಮಾರಿ ಆನ್ ಪ್ರಯೋಗಗಳನ್ನು ಬರೆದಿಟ್ಟಳು, ಉಪಕರಣಗಳ ಚಿತ್ರ ಬಿಡಿಸಿದಳು.

1782-83ರ ಚಳಿಗಾಲದಲ್ಲಿ ಗಣಿತಜ್ಞ ಲಾಪ್ಲಾಸ್ ಜೊತೆಗೂಡಿ ಶಾಖವನ್ನು ಅಳೆಯಲು ಹೊರಟ. ಒಂದರೊಳಗೊಂದು ಮೂರು ಪಾತ್ರೆ. ಒಳಗಿನದರಲ್ಲಿ ಉರಿಯುವ ಇದ್ದಿಲು, ನಡುವೆ ಮಂಜುಗಡ್ಡೆ. ಹೊರಗಿನ ಪಾತ್ರೆಯಲ್ಲೂ ಮಂಜುಗಡ್ಡೆ, ಕೋಣೆಯ ಶಾಖ ಒಳಗೆ ನುಗ್ಗದಿರಲಿ ಅಂತ. ನಡುವಿನ ಮಂಜು ಕರಗಿದ ನೀರನ್ನು ತೂಗಿದರೆ ಶಾಖ ಎಷ್ಟು ಬಂತೆಂದು ಗೊತ್ತಾಯ್ತು!

ಇದ್ದಿಲಿನ ಜಾಗದಲ್ಲಿ ಒಂದು ಗಿನಿ ಹಂದಿಯನ್ನೂ ಕೂರಿಸಿದರು. 10 ಗಂಟೆಯಲ್ಲಿ ಅದರ ಮೈಶಾಖಕ್ಕೆ 13 ಔನ್ಸ್ ಮಂಜು ಕರಗಿತು. ಅದು ಉಸಿರಲ್ಲಿ ಬಿಟ್ಟಷ್ಟೇ ಇಂಗಾಲದ ಡೈಆಕ್ಸೈಡನ್ನು ಇದ್ದಿಲು ಉರಿಸಿ ಪಡೆದರೆ ಕರಗುವ ಮಂಜು ಸುಮಾರು 10.4 ಔನ್ಸ್. ಲೆಕ್ಕ ಪೂರ್ತಿ ಕೂಡಲಿಲ್ಲ. ಆದ್ರೂ ಅಂಕಿ ತಿದ್ದದೆ ಇದ್ದಂತೆಯೇ ಅಚ್ಚು ಹಾಕಿಸಿದರು. ಉಸಿರಾಟವೂ ಒಂದು ಬಗೆಯ ನಿಧಾನ ದಹನವೇ ಅನ್ನೋದು ಅವರ ತೀರ್ಮಾನ. ಒಂದು ವಸ್ತು ಕೂಡುವಾಗ ಹೊರಬಿಟ್ಟಷ್ಟೇ ಶಾಖವನ್ನು ಅದು ಒಡೆಯುವಾಗ ಹೀರಬೇಕು ಅಂತಲೂ ಹೇಳಿದರು. ಜಮೆ ಎಷ್ಟೋ ಖರ್ಚೂ ಅಷ್ಟೇ. 1840ರಲ್ಲಿ ಹೆಸ್ ಈ ಲೆಕ್ಕವನ್ನು ಇನ್ನೂ ಮುಂದಕ್ಕೆ ಒಯ್ದ: ಕ್ರಿಯೆ ಎಷ್ಟು ಹಂತದಲ್ಲಿ ನಡೆದರೂ ಒಟ್ಟು ಶಾಖ ಒಂದೇ.

ಲವಾಸಿಯೆ ಶಾಖವನ್ನು ಒಂದು ಮೂಲವಸ್ತು ಅಂತ ತಿಳಿದಿದ್ದ. ಅದು ನಿಲ್ಲಲಿಲ್ಲ. ಬಂಧ ಮುರಿಯಲು ಶಕ್ತಿ ಬೇಕು, ಬಂಧ ಕೂಡಿದಾಗ ಶಕ್ತಿ ಹೊರಬರುತ್ತೆ ಅಂತ ಈಗ ಗೊತ್ತು. ಅವನ ಲೆಕ್ಕ ಮಾತ್ರ ಉಳಿಯಿತು.

ಕ್ರಾಂತಿ ಬಂತು. 1794ರ ಮೇ 8ರಂದು ತೆರಿಗೆ ಗುತ್ತಿಗೆದಾರರ ಜೊತೆ, ಹೆಂಡತಿಯ ತಂದೆಯ ಜೊತೆ, ಅವನ ತಲೆಯನ್ನೂ ಕಡಿದರು. ಆಗ ಅವನಿಗೆ 50 ವರ್ಷ.

ಉಪ್ಪು ತಿಂದವ ನೀರು ಕುಡೀಬೇಕು ಅಂತಾರೆ ನಮ್ಮಲ್ಲಿ. ಇವನು ಉಪ್ಪಿನ ಸುಂಕ ತಿಂದವನು, ನಿಜ. ಆ ಸುಂಕ ತೆತ್ತ ಬಡವರನ್ನು ನಾನು ಮರೆಯಲಾರೆ. ಆದ್ರೆ ಅವನ ತಲೆ ಹೋದದ್ದರಿಂದ ಅವರಿಗೆ ಒಂದು ಕಾಸಾದರೂ ವಾಪಸು ಬಂತೇ? ಈ ಲೆಕ್ಕ ನನಗಂತೂ ಕೂಡ್ತಾ ಇಲ್ಲ. ನೀವೇ ಹೇಳಿ.